ನೀರು ಕೊಳ್ಳದ ಗಿರಾಕಿ

ನನ್ನದು ನೀರಿನ ವ್ಯಾಪಾರ.
ಅಝ್ರಖ್‌ನ ಬಾವಿಯಲ್ಲಿ ಟ್ಯಾಂಕರು ತುಂಬಿಕೊಂಡು
ಸಫಾವಿಯ ಆಚೆ, ಕಪ್ಪುಕಲ್ಲಿನ ಬಯಲಲ್ಲಿ
ಡೇರೆಯಿಂದ ಡೇರೆಗೆ ಸುರಿದು ಬರುತ್ತೇನೆ.
ಹದಿನಾಲ್ಕು ವರ್ಷದಲ್ಲಿ
ಸಾಲ ಹೇಳಿದವರುಂಟು, ಬೇಡ ಅಂದವರಿಲ್ಲ.
ಬೇಡ ಅಂದದ್ದು ನೀನೇ ಮೊದಲು, ಕತಫ್ ಗಿಡವೇ.

ನೋಫಾ ನಿನ್ನನ್ನು ಪಿಕಪ್ಪಿನ ಹಿಂದೆ ಹಾಕಿ ತಂದಳು,
ಖಾಲಿ ಮೊಸರಿನ ಡಬ್ಬಿಗಳಲ್ಲಿ,
ಗೇಣುದ್ದ ಮೈ, ಬೂದಿ ಮೆತ್ತಿದ ಮುಖ.
ಟ್ರಾಕ್ಟರು ಗೀರಿಹೋದ ಸಾಲುಗಳಲ್ಲಿ
ಹನ್ನೊಂದು ಹೆಂಗಸರು ಮಂಡಿಯೂರಿ ನೆಟ್ಟರು.
ನೆಟ್ಟ ದಿನ ಒಂದು ಟ್ಯಾಂಕರು,
ತಿಂಗಳು ಬಿಟ್ಟು ಇನ್ನೊಂದು.
ಮೂರನೆಯದಕ್ಕೆ ಲೆಕ್ಕದ ಪುಸ್ತಕ ಬಿಚ್ಚಿದರೆ
"ಸಾಕು ಖಲಫ್, ಇನ್ನು ಬರಬೇಡ" ಅಂದಳು.
ನಿನ್ನನ್ನು ನಂಬಿ ಎರಡು ಟೈರು ಆರಿಸಿಟ್ಟಿದ್ದೆ.

"ಸಾಯುತ್ತವೆ" ಅಂದೆ.
ಒಂದು ಎಲೆ ಕಿತ್ತು ಅಂಗೈಗೆ ಹಾಕಿದಳು.
ನೆಕ್ಕಿದೆ. ಉಪ್ಪು.
ನೆಲದ ಉಪ್ಪನ್ನು ಬೇರಲ್ಲಿ ಎಳೆದು ತಂದು
ಎಲೆಯ ಮೇಲೆ ಕಣ್ಣಿಗೆ ಕಾಣದ ಗುಳ್ಳೆಗಳಲ್ಲಿ
ಗಂಟು ಕಟ್ಟಿ ಇಡುತ್ತೀಯಂತೆ.
ಗುಳ್ಳೆ ಒಡೆದು ಒಣಗಿದ್ದೇ ಈ ಬಿಳುಪು,
ಬಿಸಿಲಿಗೆ ಅದೇ ಕೊಡೆ.

ಅವಳ ಅಜ್ಜಿಯ ಹೆಸರು ಫಿದ್ದಾ.
ಬೆಳ್ಳಿ ಎಂದು ಅರ್ಥ.
ಮಳೆ ಬಾರದ ಮೂರನೆಯ ವರ್ಷ, ಒಂಟೆಗಳೂ ಮುಗಿದ ಮೇಲೆ,
ಫಿದ್ದಾ ಇದೇ ಎಲೆಯನ್ನು ಮೂರು ಸಲ ಕುದಿಸಿ
ಮೂರು ಸಲ ನೀರು ಬಸಿದು ಚೆಲ್ಲಿ
(ಅಂಥ ವರ್ಷದಲ್ಲಿ ಚೆಲ್ಲಲು ಎಲ್ಲಿತ್ತು ನೀರು?
ನನಗೆ ಆ ಲೆಕ್ಕ ಇವತ್ತಿಗೂ ಬಗೆಹರಿದಿಲ್ಲ)
ಆರು ಮಕ್ಕಳಿಗೆ ಉಣಿಸಿದಳಂತೆ.
ಐದು ಉಳಿದವು.
ಉಳಿಯದವಳ ಹೆಸರೂ ನೋಫಾ.

ಆಗಸ್ಟಿನ ಒಂದು ರಾತ್ರಿ
ಟ್ಯಾಂಕರಿನ ತಳದಲ್ಲಿ ಉಳಿದ ನೀರನ್ನು
ಕೊನೆಯ ಸಾಲಿಗೆ ಬಿಟ್ಟೆ.
ಕನಿಕರವೋ ಹಟವೋ, ಕೇಳಬೇಡ.
ಮರುವಾರವೂ ಬಿಟ್ಟೆ.
ಉಳಿದ ಸಾಲುಗಳು ಹಲ್ಲು ಕಚ್ಚಿ ಕೂತಿದ್ದಾಗ
ಇದೊಂದು ಮಾತ್ರ ಎಳೆ ಎಲೆ ಬಿಟ್ಟು
ಹಸಿರು ಹಸಿರಾಗಿ ನಕ್ಕಿತು.
ಕುರಿಗಳಿಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು?
ಶ್ತೇವಿಯ ತೊಂಬತ್ತು ಕುರಿ ಬೇಲಿ ನುಗ್ಗಿ
ಆ ಸಾಲನ್ನು ಬುಡದವರೆಗೆ ಬೋಳಿಸಿದವು.

ಬೆಳಗಿನ ಜಾವ ಫೋನು:
"ಖಲಫ್, ಕುರಿಗಳು ಬರಿ ತೊಟ್ಟಿ ನೆಕ್ಕುತ್ತಿವೆ,
ದಿನದ ಎರಡರಷ್ಟು ಕುಡಿದರೂ ತಣಿಯುತ್ತಿಲ್ಲ,
ಏನು ತಿಂದವೋ ಹಾಳಾದವು, ಬೇಗ ಬಾ."
ಉಪ್ಪು ತಿಂದ ಮೇಲೆ ನೀರು ಕುಡಿಯಲೇಬೇಕು.
ಎರಡು ಟ್ಯಾಂಕರು. ನಗದು.
ಟೈರು ಬಂದವು.

ನೋಫಾ ಬೋಳು ಸಾಲಿನ ತುದಿಯಲ್ಲಿ ನಿಂತಿದ್ದಳು.
ಮಣ್ಣಲ್ಲಿ ನನ್ನ ಹಳೇ ಟೈರಿನ ಗುರುತು,
ಎಡಗಡೆಯ ಆ ಸೀಳು ಸಮೇತ,
ಒಣಗಿ ಗಟ್ಟಿಯಾಗಿ ಅಚ್ಚೊತ್ತಿಕೊಂಡಿತ್ತು.
ಅದನ್ನು ನೋಡಿದಳು,
ಹೊಸ ಟೈರು ನೋಡಿದಳು.
ಏನೂ ಅನ್ನಲಿಲ್ಲ.
ಒಳಗೆ ಹೋಗಿ ಚಹಾ ತಂದಳು.
ಎಂದಿನಂತೆ ಸಕ್ಕರೆ ಜಾಸ್ತಿ.
ಮೂರು ಲೋಟ ಕುಡಿದರೂ
ನನ್ನ ಗಂಟಲು ಮಾತ್ರ ಒಣಗಿಯೇ ಇತ್ತು.

ಅಕ್ಟೋಬರಿನ ಮಂಜಿನಲ್ಲಿ ಆ ದಾರಿಯಾಗಿ ಹೋದೆ.
ಕುರಿ ಕಚ್ಚಿದ ಕಡ್ಡಿಯ ಪಕ್ಕದಲ್ಲೇ
ಉಗುರಿನಷ್ಟು ಬೂದು ಚಿಗುರು.
ಬಗ್ಗಿ ಒಂದನ್ನು ಮುರಿದು ನೆಕ್ಕಿದೆ.
ಸರಿಯಾಗಿತ್ತು ಉಪ್ಪು.
ಟ್ಯಾಂಕರಿನ ನಲ್ಲಿ ತೊಟ್ಟಿಕ್ಕುತ್ತಿತ್ತು,
ತಿರುಗಿಸಿ ಬಿಗಿ ಮಾಡಿ
ಹೊರಟೆ.